ಹಿಂದಿರುಗದ ಸಂಚಿಕೆಗಳು

ಅಲೆಕ್ಸಾಂಡ್ರಿಯಾ, ೧೮೯೫ ಜನವರಿ ೧೪

ಅಂಚೆಯವನು ಇವತ್ತೂ ಚೀಲ ಹೊತ್ತು ತಂದ. ಎಲ್ಲ ವಾಪಸು ಬಂದ ಪ್ರತಿಗಳೇ. ನನ್ನ ಮಾಸಪತ್ರಿಕೆ 'ಕದಿರಿನ' ಹೊಸ ವರ್ಷದ ಸಂಚಿಕೆಯನ್ನು ಹೊಸ ಹೊಸ ವಿಳಾಸಗಳಿಗೂ ಕಳಿಸಿದ್ದೆ. ಹೊದಿಕೆಯ ಮೇಲೆ ಎಂದಿನ ಸಾಲು — 'ಹಿಂದಿರುಗಿಸದವರನ್ನು ಚಂದಾದಾರರೆಂದು ತಿಳಿಯುತ್ತೇವೆ.' ಇಲ್ಲಿಯ ಪತ್ರಿಕೆಯವರೆಲ್ಲ ಮಾಡುವುದು ಇದನ್ನೇ. ಇಟ್ಟುಕೊಂಡರೆ ನಮ್ಮವರು. ಕಳಿಸಿಬಿಟ್ಟರೆ ನಮಸ್ಕಾರ.

ಒಬ್ಬ ಮಹಾಶಯ ಮುಖಪುಟದ ಮೇಲೇ ಗೀಚಿದ್ದಾನೆ: 'ನಮ್ಮ ಮನೆ ಹೆಂಗಸರಿಗೆ ಬೇಕಾದಷ್ಟು ಕೆಲಸವಿದೆ.' ಇನ್ನೊಬ್ಬನದು ಇನ್ನೂ ಚೆನ್ನ. ಒಳಪುಟದಲ್ಲಿ ಕಾಫಿ ಲೋಟದ ಕಲೆ. ಮಡಿಕೆ ಕೂಡಿದ ಹಾಳೆಗಳನ್ನು ಚಾಕುವಿನಿಂದ ಕೊನೆಯವರೆಗೂ ಬಿಡಿಸಿ ಓದಿ, ಆಮೇಲೆ ಬೇಡವೆಂದು ಕಳಿಸಿದ್ದಾನೆ. ಅಪ್ಪನ ತಂಗಿ ರಾಹೀಲ್ ಅತ್ತೆ ನೋಡಿ ನಕ್ಕರು. ಉಂಡು ಕೈ ತೊಳೆದು ಅಡುಗೆ ಚೆನ್ನಾಗಿಲ್ಲ ಅಂದ ಹಾಗಾಯಿತು ಅಂದರು. ಆಮೇಲೆ ಎಂದಿನ ಚುಚ್ಚು — ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಇಷ್ಟು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸು ಅಂತ ಯಾರು ಹೇಳಿದ್ದರು?

ಚೀಲ ಪೂರ್ತಿ ಸುರಿದು ಹುಡುಕಿದೆ. ಸಿರಿಯಾ ಕಡಲದಂಡೆಯ ನಮ್ಮೂರು ತ್ರಾಬ್ಲುಸ್‌ನಿಂದ ಒಂದೂ ಇಲ್ಲ. ಇದು ಮೂರನೆಯ ವರ್ಷ. ಈ ಸಲವೂ ಇಲ್ಲ.

ತಂಗಿ ತಮಾಮ್ ಓದುತ್ತಿದ್ದಾಳೆ.

ಜನವರಿ ೧೬

ಅಷ್ಟೊಂದು ಖಾತ್ರಿ ಹೇಗೆ ಅಂತ ಅತ್ತೆ ಕೇಳಿದರು. ಖಾತ್ರಿಯೇ.

ಮೊದಲ ಸಂಚಿಕೆಯ ಮೇಲೆ 'ಒಡತಿ ಮತ್ತು ಸಂಪಾದಕಿ: ಹಿಲಾನಾ ಬರಕಾತ್' ಎಂದು ಅಚ್ಚಾದ ದಿನವೇ ತಂಗಿಯ ಗಂಡ ಜುರ್ಜಿಯ ಪಾಲಿಗೆ ನಾನು ಸತ್ತೆ. ಗೌರವಸ್ಥರ ಮನೆ ಹೆಣ್ಣಿನ ಹೆಸರು ಬಜಾರಿನಲ್ಲಿ ಕಡಲೆ ಕಟ್ಟುವ ಕಾಗದದ ಮೇಲೆ ಬರುವುದೇ? ಆ ಮನೆಯಿಂದ ಈ ಮನೆಗೆ ಮಾತಿಲ್ಲ ಎಂದು ಪಾದ್ರಿಗಳ ಕೈಲಿ ಹೇಳಿ ಕಳಿಸಿದ. ಆವತ್ತಿನಿಂದ ತಮಾಮ್‌ಗೆ ಬರೆದ ಒಂದೊಂದು ಕಾಗದವೂ ಮೊಹರು ಒಡೆಯದೆ ವಾಪಸು. ವಿಳಾಸದ ಮೇಲೆ ಅವನ ಕೈಯಿಂದ ಎಳೆದ ಗೀಟು.

ಕಾಗದ ವಾಪಸು ಬರುತ್ತದೆ. 'ಕದಿರು' ಬರುವುದಿಲ್ಲ. ಯಾಕೆಂದರೆ ತ್ರಾಬ್ಲುಸ್‌ನ ಕಟ್ಟು ಹೋಗುವುದು ನಮ್ಮ ಏಜೆಂಟರಾದ ಸೋಪಿನಂಗಡಿ ಮಿತ್ರಿ ಮಾವನ ಹೆಸರಿಗೆ. ಅಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು. ಜುರ್ಜಿಯ ಮನೆ ಅವರ ಅಂಗಡಿಯ ಹಿಂದಿನ ಓಣಿಯಲ್ಲೇ. ಅವನಿಲ್ಲದ ಹೊತ್ತು ನೋಡಿ ಒಳಗೆ ಕೊಡಿಸುತ್ತಾರೆ. ಮತ್ತೆ ಹೇಗೆ? ಪ್ರತಿ ಕಾಗದದ ಕೊನೆಗೆ ಅವರು ಬರೆಯುವುದಿಲ್ಲವೇ — 'ನಿಮ್ಮ ತಂಗಿಯ ಮನೆಯವರೆಲ್ಲ ಕ್ಷೇಮ, ನಿಮ್ಮ ಕೈಗೆ ಮುತ್ತಿಡುತ್ತಾರೆ' ಎಂದು? ಕಳೆದ ಶರತ್ಕಾಲದಲ್ಲಿ ಅವಳಿಗೆ ಹೆಣ್ಣು ಹುಟ್ಟಿತೆಂದು ತಿಳಿದದ್ದೂ ಅವರಿಂದಲೇ.

ಅದಕ್ಕೇ 'ತಂಗಿಗೆ' ಪುಟ ಶುರುಮಾಡಿದ್ದು. ಹೆಸರಿಲ್ಲ, ಊರಿಲ್ಲ. ನಾವಿಬ್ಬರೂ ಒಂದೇ ಹೊದಿಕೆಯೊಳಗೆ ಮಲಗಿ ಆಡುತ್ತಿದ್ದ ಮಾತು. ಓದಿದವರು ಯಾವುದೋ ತಂಗಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಐದನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು ತಮಾಮ್. ಮುಗಿಯಿತು, ಸಾಕು ಅಂತ. ನಡುವಿನ ಮೂವರು ಉಳಿಯಲಿಲ್ಲ. ಉಳಿದದ್ದು ನಾನು, ಅವಳು. ಸಾಕು ಅಂದದ್ದು ಅಪ್ಪ. ನಾನಲ್ಲ.

ಫೆಬ್ರವರಿ ೯

ಬೆಳಿಗ್ಗೆಯಿಂದ ಪ್ರೆಸ್ಸಿನಲ್ಲೇ. ಮಸಿ, ಸೀಸದ ವಾಸನೆ. ಅಕ್ಷರ ಜೋಡಿಸುವ ಉಸ್ತಾ ಬದವಿಗೆ 'ತಂಗಿಗೆ' ಪುಟ ಉದ್ದವಾಯಿತೆಂದು ಗೊಣಗು.

"ಸಿತ್ತ್ ಹಿಲಾನಾ, ನಿಮ್ಮ ಈ ತಂಗಿಗೆ ತಲೆ ಬಾಚೋದ್ರಿಂದ ಹಿಡಿದು ಅತ್ತೆ ಹತ್ರ ಬಾಯಿ ಮುಚ್ಕೊಂಡಿರೋವರೆಗೂ ನೀವೇ ಹೇಳ್ಕೊಡ್ಬೇಕಾ? ಅವಳಿಗೇನು ಬುದ್ಧಿ ಇಲ್ವಾ?"

ನನಗಿಂತ ಜಾಸ್ತಿ ಇದೆ ಅಂದೆ. ಹಾಗಾದರೆ ಅವಳ ಕೈಲೇ ಬರೆಸಿ, ನನಗೆ ಕೆಲಸ ಕಡಿಮೆಯಾಗುತ್ತದೆ ಅಂದ. ಆದರೆ ಆ ಪುಟದ ಪ್ರೂಫನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಹೆಂಡತಿಗೆ ಓದಿ ಹೇಳಬೇಕಂತೆ, ಇಲ್ಲದಿದ್ದರೆ ಊಟ ಬಡಿಸುವುದಿಲ್ಲವಂತೆ.

ಸಂಜೆ ಕೈರೋದ ಒಂದು ಪತ್ರಿಕೆ ಕೈಗೆ ಬಂತು. 'ಕದಿರನ್ನು ಬರೆಯುವವನು ಗಡ್ಡವಿರುವ ಒಬ್ಬ ಮಹನೀಯ, ಹೆಸರು ಮಾತ್ರ ಹೆಣ್ಣಿನದು' ಎಂದು ಬರೆದಿದ್ದಾರೆ. ಮೂರು ವರ್ಷ ಕಣ್ಣು ಕೆಡಿಸಿಕೊಂಡು ಬರೆದದ್ದು... ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಗಡ್ಡ ಇನ್ನೂ ಬಂದಿಲ್ಲ ಅಂದರು.

ಹೋಗಲಿ. ಯಾರು ಬರೆಯುತ್ತಾರೆಂದು ತಮಾಮ್‌ಗೆ ಗೊತ್ತು. ಮೊದಲ ಸಾಲಿಗೇ ಗೊತ್ತಾಗುತ್ತದೆ.

ಜುಲೈ ೨

ಸೆಕೆ. ಊರಿನ ತುಂಬ ಮಕ್ಕಳಿಗೆ ವಾಂತಿಭೇದಿ. ನಮ್ಮ ಬೀದಿಯಲ್ಲೇ ಈ ವಾರ ಎರಡು ಚಿಕ್ಕ ಪೆಟ್ಟಿಗೆಗಳು ಹೋದವು. ಎಲ್ಲ ಮನೆಯಲ್ಲೂ ಮಾಡುವುದು ಒಂದೇ — ಭೇದಿ ನಿಲ್ಲಲಿ ಅಂತ ನೀರು ನಿಲ್ಲಿಸುವುದು. ಅಮ್ಮನೂ ಹಾಗೇ ಮಾಡಿದ್ದಳು. ನಡುವಿನ ಮೂವರು ಹೋದದ್ದು ಹೀಗೆಯೇ.

ಫ್ರೆಂಚ್ ವೈದ್ಯಪತ್ರಿಕೆಯೊಂದರಲ್ಲಿ ಇದಕ್ಕೆ ತದ್ವಿರುದ್ಧ ಬರೆದಿದೆ. ನೀರು ನಿಲ್ಲಿಸಿದರೇ ಮಗು ಸಾಯುವುದು. ಕುದಿಸಿ ಆರಿಸಿದ ನೀರು, ತೆಳ್ಳನೆಯ ಗಂಜಿತಿಳಿ, ಚಿಟಿಕೆ ಉಪ್ಪು, ಚಮಚ ಚಮಚವಾಗಿ, ಬಿಡದೆ. ಅತ್ತಾರೀನ್ ಬೀದಿಯ ಡಾಕ್ಟರರ ಬಳಿಗೆ ಹೋಗಿ ಕೇಳಿದೆ. ಸರಿ ಅಂದರು, ಆದರೆ ತಾಯಂದಿರು ನನ್ನ ಮಾತು ಕೇಳಬೇಕಲ್ಲ, ಅಜ್ಜಿಯರ ಮಾತು ಕೇಳುತ್ತಾರೆ ಅಂದರು.

ಅಕ್ಕನ ಮಾತು ಕೇಳಬಹುದು. ಈ ತಿಂಗಳ 'ತಂಗಿಗೆ' ಪೂರ್ತಿ ಇದೇ. ಲೇಖನದ ಹಾಗೆ ಅಲ್ಲ. ಎದುರಿಗೆ ಕೂತು ಅವಳ ಕೈಗೆ ಚಮಚ ಕೊಟ್ಟು ಹೇಳುವ ಹಾಗೆ. ಅವಳ ಮಗುವಿಗೆ ಈಗ ಹತ್ತು ತಿಂಗಳಿರಬೇಕು. ಬರೆಯುವಾಗ ಬೇರೆ ಯಾರೂ ಕಣ್ಣ ಮುಂದಿರಲಿಲ್ಲ.

ಜುಲೈ ೧೧

ಕಟ್ಟುಗಳು ಸ್ಟೀಮರಿಗೆ ಹೋದವು. ತ್ರಾಬ್ಲುಸ್‌ನ ಕಟ್ಟಿಗೆ ನಾನೇ ದಾರ ಬಿಗಿದೆ. ಅವಳ ಪ್ರತಿಯ ಮೇಲೆ ವಿಳಾಸ ಎಂದಿನಂತೆ ನನ್ನ ಕೈಯದೇ. ಹೋಗು ಬೇಗ, ಅಂದೆ. ಅತ್ತೆ ಕೇಳಿಸಿಕೊಂಡರು. ಈಗ ಕಾಗದದ ಜೊತೆಗೂ ಮಾತು ಶುರುವಾಯಿತು ಅಂದರು.

ಸೆಪ್ಟೆಂಬರ್ ೨೦

ಬರೆಯಲು ಹೊತ್ತೇ ಇಲ್ಲ. ಕಾಗದಗಳು, ಕಾಗದಗಳು! ತಾಂತಾ, ಮನ್ಸೂರಾ, ಬೇರೂತ್, ಹೋಮ್ಸ್‌ನಿಂದ ಕೂಡ. ಓದು ಬರದವರು ಮಸೀದಿಯ ಶೇಖ್‌ರ ಕೈಲಿ ಬರೆಸಿದ್ದಾರೆ. 'ನಿಮ್ಮ ತಂಗಿ ನಾನೇ ಅಂದುಕೊಂಡು ಕೊಟ್ಟೆ. ಮಗು ಉಳಿಯಿತು.' 'ಅತ್ತೆ ಬೈದರು. ಅವರು ಮಲಗಿದ ಮೇಲೆ ಕದ್ದು ಕೊಟ್ಟೆ. ಮಗು ಉಳಿಯಿತು.' ಆಗಸ್ಟ್ ಸಂಚಿಕೆಯಲ್ಲಿ ಒಂದು ಪುಟ ಹಾಕಿದ್ದೆ, ಈ ತಿಂಗಳು ನಾಲ್ಕು. ಬದವಿ ಗೊಣಗದೆ ಜೋಡಿಸಿದ. ಒಂದು ಕಡೆ ಅಕ್ಷರ ಉಲ್ಟಾ ಬಿದ್ದಿತ್ತು. ಕಣ್ಣು ಮಂಜಾಗಿತ್ತು ಅಂದ, ಹೊಗೆ ಅಂದ. ಪ್ರೆಸ್ಸಿನಲ್ಲಿ ಹೊಗೆ ಎಲ್ಲಿಂದ ಬರಬೇಕು?

ಗಡ್ಡದ ಮಾತು ಬರೆದ ಕೈರೋದವರು ಕೂಡ ಆ ಲೇಖನ ಎತ್ತಿಕೊಂಡು ಅಚ್ಚುಹಾಕಿದ್ದಾರೆ. ನನ್ನ ಹೆಸರು ಹಾಕಲಿಲ್ಲ. ಪರವಾಗಿಲ್ಲ. ಇವತ್ತು ಯಾವುದಕ್ಕೂ ಸಿಟ್ಟಿಲ್ಲ.

ಮಿತ್ರಿ ಮಾವನ ಕಾಗದವೂ ಬಂತು. 'ತಂಗಿಯ ಮನೆಯವರೆಲ್ಲ ಕ್ಷೇಮ.' ಆ ಸಾಲನ್ನು ಅತ್ತೆಗೆ ಮತ್ತೆ ಮತ್ತೆ ಓದಿ ಹೇಳಿದೆ.

೧೮೯೬ ನವೆಂಬರ್ ೮

ಕಾಲರಾ ವರ್ಷ. ಬಂದರು ಮುಚ್ಚಿತ್ತು, ತೆರೆಯಿತು, ಮತ್ತೆ ಮುಚ್ಚಿತು. ಡೈರಿ ಮುಟ್ಟಿಲ್ಲ. ಬೇಸಗೆಯಲ್ಲಿ ಗಂಜಿತಿಳಿಯ ಲೇಖನವನ್ನೇ ಮತ್ತೆ ಅಚ್ಚುಹಾಕಿದೆವು. 'ಕದಿರು' ಒಂದು ತಿಂಗಳೂ ನಿಲ್ಲಲಿಲ್ಲ. ನಾನೂ ಬದುಕಿದ್ದೇನೆ, ಅತ್ತೆಯೂ. ಸದ್ಯಕ್ಕೆ ಅಷ್ಟು ಸಾಕು.

೧೮೯೭ ಫೆಬ್ರವರಿ ೨೩

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಮಿತ್ರಿ ಮಾವನ ಹೆಂಡತಿ ಉಮ್ಮ್ ಮಿಖಾಯೀಲ್ ಬಂದರು. ಕಪ್ಪು ಬಟ್ಟೆ. ಮಾವ ಕ್ರಿಸ್‌ಮಸ್ ಹೊತ್ತಿಗೆ ತೀರಿಕೊಂಡರಂತೆ. ಇಲ್ಲಿ ಮಗನ ಮನೆಯಲ್ಲೇ ಇರಲು ಬಂದಿದ್ದಾರೆ. ಅತ್ತೆ ಕಾಫಿ ತಂದರು, ಸಾವಿನ ಮನೆಯವರಿಗೆ ಕೊಡುವ ಹಾಗೆ ಸಕ್ಕರೆ ಇಲ್ಲದ್ದು. ಉಮ್ಮ್ ಮಿಖಾಯೀಲ್ ಕಾಫಿ ಮುಟ್ಟಲಿಲ್ಲ. ಜೊತೆಗೆ ತಂದಿದ್ದ ಗಂಟನ್ನು ನನ್ನ ಮುಂದಿಟ್ಟರು. ಒಗೆದ ಬಿಳಿ ಬಟ್ಟೆ. ಸೋಪಿನ ವಾಸನೆ.

ಬಿಚ್ಚಿದೆ. 'ಕದಿರು.' ಮೊದಲ ಸಂಚಿಕೆಯಿಂದ ಹಿಡಿದು ಎಲ್ಲ. ಒಂದರ ಹಾಳೆಯೂ ಬಿಡಿಸಿಲ್ಲ. ಪ್ರತಿಯೊಂದರ ಮೇಲೂ ನನ್ನದೇ ಕೈಬರಹ — ತಮಾಮ್ ಬರಕಾತ್ ಅವರಿಗೆ.

"ಅಂಗಡಿ ಖಾಲಿ ಮಾಡಿಸುವಾಗ ಮೇಲಿನ ಅಟ್ಟದಲ್ಲಿ ಸಿಕ್ತು ಮಗಳೇ. ಧೂಳು ಕೂಡ ಕೂರೋಕೆ ಬಿಟ್ಟಿರ್ಲಿಲ್ಲ ಅವರು. ಸತ್ತವರ ಮೇಲೆ ಋಣ ಉಳೀಬಾರ್ದು ಅಂತ ಹೊತ್ಕೊಂಡು ಬಂದೆ."

ಯಾಕೆ ಕೊಡಲಿಲ್ಲ ಅಂತ ಕೇಳಿದೆ.

ಮಾವನ ಲೆಕ್ಕ ಇದಂತೆ: ಕೊಟ್ಟರೆ ಜುರ್ಜಿಗೆ ಅವಮಾನ. ಮನೆ ಬಾಗಿಲಿಗೆ ಬೇಡವೆಂದು ಅವನು ಊರ ಮುಂದೆ ಹೇಳಿದ್ದಾನೆ, ಅವನಿಗೆ ಕಾಣದ ಹಾಗೆ ಹೆಂಡತಿಯ ಕೈಗೆ ಕೊಡಿಸುವುದು ಮರ್ಯಾದಸ್ಥರ ಕೆಲಸವೇ? ವಾಪಸು ಕಳಿಸಿದರೆ ನನಗೆ ಅವಮಾನ. ಒಂದೇ ತಟ್ಟೆಯಲ್ಲಿ ಉಂಡವನ ಮಗಳು ತಂಗಿಗೆಂದು ಕಳಿಸಿದ್ದನ್ನು ಅವಳ ಮುಖಕ್ಕೆ ಎಸೆಯುವುದೇ? ಅತ್ತ ದರಿ, ಇತ್ತ ಪುಲಿ. ಹಾಗಾಗಿ ಮಡಿಸಿ ಇಟ್ಟರಂತೆ. ಒಂದಲ್ಲ ಒಂದು ದಿನ ಜುರ್ಜಿಯ ಮನಸ್ಸು ತಿಳಿಯಾಗುತ್ತದೆ, ಆಗ ಎಲ್ಲ ಒಟ್ಟಿಗೆ ಕೊಡೋಣ ಅಂತ.

ಮತ್ತೆ 'ಕ್ಷೇಮ' ಅಂತ ಬರೆಯುತ್ತಿದ್ದರಲ್ಲ? ಕೈಗೆ ಮುತ್ತಿಡುತ್ತಾರೆ ಅಂತ?

"ಕಾಗದದ ಕೊನೆಗೆ ಮತ್ತೇನು ಬರೀತಾರೆ ಮಗಳೇ? ಎಲ್ಲರಿಗೂ ಅದೇ ಬರೀತಿದ್ರು."

ಹೌದಲ್ಲ. ಎಲ್ಲರೂ ಅದನ್ನೇ ಬರೆಯುತ್ತಾರೆ. ನಾನೂ ಬರೆಯುತ್ತೇನೆ. ಸಾವಿರ ಸಲ ಬರೆದಿದ್ದೇನೆ.

ಕೊನೆಗೆ ತಮಾಮ್‌ಳ ಮಗು ಹೇಗಿದೆ ಅಂತ ಕೇಳಿದೆ. ಉಮ್ಮ್ ಮಿಖಾಯೀಲ್ ಶಿಲುಬೆ ಗುರುತು ಮಾಡಿಕೊಂಡು, "ದೇವರು ಉಳಿದವರಿಗೆ ಆಯುಸ್ಸು ಕೊಡಲಿ" ಅಂದರು. ಹೋಗಿ ಬಹಳ ದಿನವಾಯಿತಂತೆ. ದೂರದವರಿಗೆ ಸಾವನ್ನು ಬರೆದು ಕಳಿಸಬಾರದು ಅಂತ ಮಾವ ಬರೆಯಲಿಲ್ಲವಂತೆ. ಹೇಗೆ ಅಂದೆ. ಅವಳ ಬಾಯಿಂದಲೇ ಕೇಳು ಅಂದರು.

ಜುರ್ಜಿ ಕಿತ್ತಲೆ ತೋಟ ಮಾರಿದ್ದಾನೆ. ಗಂಡ ಹೆಂಡತಿ ಅಮೆರಿಕಾಕ್ಕೆ ಹೊರಟಿದ್ದಾರೆ. ಮುಂದಿನ ತಿಂಗಳು. ಸ್ಟೀಮರು ಇಲ್ಲಿ ಒಂದು ಹಗಲು ನಿಲ್ಲುತ್ತದೆ.

ಫೆಬ್ರವರಿ ೨೪

ಅಕ್ಕ ಮರೆತಳು ಅಂತ ತಮಾಮ್ ಅಂದುಕೊಂಡಿದ್ದಾಳೆ. ಇಷ್ಟೂ ವರ್ಷ. ಮಗು ಹೋದಾಗಲೂ.

ಮಾರ್ಚ್ ೧೦

ಗಂಟನ್ನು ಹಾಗೇ ಕೊಡುತ್ತೇನೆ. ಹೊಸ ಬಟ್ಟೆ ಕೂಡ ಬೇಡ. ಎಲ್ಲ ಹಾಳೆಗಳನ್ನೂ ಕತ್ತರಿಸಿ ಬಿಡಿಸೋಣ ಅಂತ ಚಾಕು ತೆಗೆದೆ, ಮತ್ತೆ ಇಟ್ಟೆ. ಅವಳೇ ಬಿಡಿಸಲಿ. ವಿಳಾಸ ನೋಡಲಿ, ತಾರೀಕು ನೋಡಲಿ, 'ತಂಗಿಗೆ' ಪುಟ ಓದಲಿ. ಅಟ್ಲಾಂಟಿಕ್ ದಾಟುವಷ್ಟರಲ್ಲಿ ಎಲ್ಲ ಓದಿ ಮುಗಿಸುತ್ತಾಳೆ. ಅಷ್ಟು ಸಾಕು ನನಗೆ. ಜೊತೆಗೆ ಬಾ, ಇಲ್ಲೇ ಇರು ಅಂತ ಕೇಳುವುದಿಲ್ಲ. ಅಕ್ಕ ಮರೆತಿರಲಿಲ್ಲ ಅಂತ ಗೊತ್ತಾದರೆ ಸಾಕು.

ಇಷ್ಟೊಂದು ಭಾರ ಯಾಕೆ, ನಾಲ್ಕು ಆರಿಸಿ ಕೊಡು ಅಂದರು ಅತ್ತೆ. ಒಂದನ್ನೂ ಬಿಡುವುದಿಲ್ಲ.

ಮಾರ್ಚ್ ೧೪, ಬೆಳಿಗ್ಗೆ

ಸ್ಟೀಮರು ಬಂದಿದೆಯಂತೆ. ಎರಡು ಸಲ ತಲೆ ಬಾಚಿಕೊಂಡೆ. ಅತ್ತೆ ಪಾಲಕ್ ತುಂಬಿದ ರೊಟ್ಟಿ ಕಟ್ಟಿಕೊಟ್ಟಿದ್ದಾರೆ, ಉಪವಾಸದ ಕಾಲ, ಮಾಂಸವಿಲ್ಲದ್ದು. ಅವಳಿಗೆ ಹುಳಿ ಜಾಸ್ತಿ ಬೇಕು ಅಂತ ಸುಮಾಕ್ ಹೆಚ್ಚಾಗಿ ಹಾಕಿದ್ದಾರೆ. ಹೊರಟೆ.

ಮಾರ್ಚ್ ೧೪, ಸಂಜೆ

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ಬರೆಯಲಾಗುವುದಿಲ್ಲ.

ದೋಣಿಯಲ್ಲಿ ಹೋದೆ. ಡೆಕ್ಕಿನ ಮೇಲೆ ನಮ್ಮ ಕಡೆಯವರೇ ತುಂಬಿದ್ದರು, ಹಾಸಿಗೆ, ಪಾತ್ರೆ, ಆಲಿವ್ ಡಬ್ಬ. ಮೊದಲು ಕಂಡದ್ದು ಜುರ್ಜಿ. ಮುದುಕನಾಗಿದ್ದಾನೆ. ನನ್ನನ್ನು ನೋಡಿ ಎದ್ದು ನಿಂತ, ಟೋಪಿ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣಿನಲ್ಲಿ ಒಂದು ಬೇಡಿಕೆ ಇತ್ತು. ವಾಪಸು ಕಳಿಸಿದ ಕಾಗದಗಳ ಮಾತು ಎತ್ತಬೇಡ ಅಂತ. ಅವಳಿಗೆ ಅವನು ಹೇಳಿಯೇ ಇಲ್ಲ. ಆಮೇಲೆ ನೀರು ತರುತ್ತೇನೆಂದು ದೂರ ಹೋದ.

ತಮಾಮ್ ಹಾಸಿಗೆ ಸುರುಳಿಯ ಮೇಲೆ ಕೂತಿದ್ದಳು. ತಬ್ಬಿಕೊಂಡೆ. ತಬ್ಬಿಕೊಂಡಳು, ದೂರದ ನೆಂಟರನ್ನು ತಬ್ಬಿಕೊಳ್ಳುವ ಹಾಗೆ. ದಪ್ಪಗಾಗಿದ್ದೀಯ ಅಂದಳು. ಸುಳ್ಳು. ರೊಟ್ಟಿ ಕೊಟ್ಟೆ. ರಾಹೀಲ್ ಅತ್ತೆ ಕೈಯದು ಅಲ್ಲವಾ ಅಂದಳು, ವಾಸನೆಯಲ್ಲೇ ಗೊತ್ತಾಯಿತು. ಒಂದು ಮುರಿದು ತಿಂದಳು. ಆಗ ಸ್ವಲ್ಪ ನಕ್ಕಳು. ಈಗ ಹೇಳಿಬಿಡೋಣ ಅಂತ ಗಂಟಿಗೆ ಕೈ ಹಾಕಿದೆ.

ಅಷ್ಟರಲ್ಲಿ ಅವಳೇ ಶುರುಮಾಡಿದಳು. ಮಗುವಿನ ಮಾತು. ನಾನು ಕೇಳಿರಲಿಲ್ಲ.

"ನಿನ್ನ ಹೆಸರೇ ಇಟ್ಟಿದ್ದೆ ಅಕ್ಕಾ. ಹಿಲಾನಾ ಅಂತ. ಇವರು ಬೇಡ ಅಂದ್ರು, ಇವರಮ್ಮ, ನಮ್ಮತ್ತೆ, ಬೇಡ ಅಂದ್ರು. ಅದೊಂದು ವಿಷಯದಲ್ಲಿ ನಾನು ಕೇಳಲಿಲ್ಲ."

ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಮುಂದುವರಿಸಿದಳು.

"ಎರಡು ವರ್ಷದ ಹಿಂದೆ, ಆಗಸ್ಟಿನ ದೇವಮಾತೆ ಹಬ್ಬದ ಮುಂಚೆ. ವಾಂತಿಭೇದಿ. ನೀರು ಕೊಟ್ರೆ ಒಳಗೆಲ್ಲ ಕರಗಿಹೋಗತ್ತೆ, ಹನಿ ನೀರೂ ಕೊಡ್ಬೇಡ ಅಂದ್ರು ಅತ್ತೆ. ನಾನು ಕೊಡ್ಲಿಲ್ಲ. ಅವಳು ಹೂಜಿ ಕಡೆ ಕೈ ತೋರಿಸ್ತಿದ್ಲು ಅಕ್ಕಾ. ಮಾತು ಬರ್ತಿರ್ಲಿಲ್ಲ ಇನ್ನೂ, ಕೈ ತೋರಿಸ್ತಿದ್ಲು. ನೋಡೋಕಾಗದೆ ಹೂಜಿ ಎತ್ತಿ ಒಳಗಿಟ್ಟು ಬಂದೆ. ಅವಳಿಗೆ ಕಾಣ್ಬಾರ್ದು ಅಂತ." ನನ್ನ ಕಡೆ ತಿರುಗಿ, "ನಾನು ಮಾಡಬೇಕಾದ್ದೆಲ್ಲ ಸರಿಯಾಗೇ ಮಾಡಿದೆ. ದೇವರ ಇಷ್ಟ. ಅಲ್ವಾ?"

ಗಂಟಿನ ಮೇಲೆ ನನ್ನ ಕೈ ಹಾಗೇ ಇತ್ತು. ಒಳಗೆ ಜುಲೈ ಸಂಚಿಕೆ. ಅವಳ ಹೆಸರು ಬರೆದದ್ದು. ದೇವಮಾತೆ ಹಬ್ಬಕ್ಕೆ ಎಷ್ಟೋ ಮುಂಚೆಯೇ ಅವಳ ಮನೆ ಪಕ್ಕದ ಸೋಪಿನಂಗಡಿಗೆ ಬಂದು ಬಿದ್ದಿದ್ದದ್ದು.

ಅದೊಂದನ್ನು ಎಳೆದು ತೆಗೆದುಬಿಡಲೇ ಅಂತ ಯೋಚಿಸಿದೆ. ಆದರೆ ಆಗಸ್ಟಿನಲ್ಲಿ ತಾಯಂದಿರ ಕಾಗದಗಳಿವೆ. ಸೆಪ್ಟೆಂಬರಿನಲ್ಲಿ ನಾಲ್ಕು ಪುಟ. ಮರುವರ್ಷ ಮತ್ತೆ ಅಚ್ಚುಹಾಕಿದ್ದು. ಮಗು ಉಳಿಯಿತು, ಮಗು ಉಳಿಯಿತು, ಮಗು ಉಳಿಯಿತು. ಎಷ್ಟನ್ನು ಕಿತ್ತು ತೆಗೆಯಲಿ? ಒಂದನ್ನು ಕೊಟ್ಟರೆ ಉಳಿದದ್ದನ್ನು ಕೇಳುತ್ತಾಳೆ, ಎಲ್ಲಿಂದಾದರೂ ತರಿಸಿ ಓದುತ್ತಾಳೆ. ಅವಳು ಯಾವತ್ತೂ ಹಾಗೆಯೇ. ಆಮೇಲೆ ಆ ಹೂಜಿಯ ಜೊತೆ ಅವಳು ಹೇಗೆ ಬದುಕಬೇಕು?

ದೇವರ ಇಷ್ಟ ಅಂದೆ. ಎಲ್ಲ ಸರಿಯಾಗೇ ಮಾಡಿದ್ದೀ ಅಂದೆ.

"ಅದೇನು ಗಂಟು?"

"ಪ್ರೂಫು. ಇಲ್ಲಿಂದ ಹಾಗೇ ಪ್ರೆಸ್ಸಿಗೆ ಹೋಗ್ಬೇಕು."

"ಇವತ್ತೂ ಕೆಲಸನಾ?"

ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಂಟನ್ನೇ ನೋಡುತ್ತ, ಊರಿನವರೆಲ್ಲ ನಿನ್ನ ಪತ್ರಿಕೆಯ ಮಾತು ಆಡುತ್ತಿದ್ದರು, ಚರ್ಚಿನಲ್ಲಿ ಹೆಂಗಸರು ಹೆಮ್ಮೆಯಿಂದ ಕೇಳುತ್ತಿದ್ದರು, ನಾನು ನೋಡಿಯೇ ಇಲ್ಲ ಅನ್ನಲು ನಾಚಿಕೆಯಾಗಿ ಹೂಂ ಅನ್ನುತ್ತಿದ್ದೆ ಅಂದಳು. ಪತ್ರಿಕೆಯೊಳಗೆ ಏನಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಪುಣ್ಯ.

ದೋಣಿಯವನು ಕೂಗಿದ. ಎದ್ದೆ. ಆಗ ನನ್ನ ತೋಳು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಹಿಡಿದುಕೊಳ್ಳುತ್ತಿದ್ದ ಹಾಗೇ, ಎರಡು ಕೈಯಲ್ಲಿ.

"ಅಕ್ಕಾ, ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ಇಷ್ಟು ವರ್ಷದಲ್ಲಿ ನನಗೆ ಅಂತ ಒಂದು ಸಾಲು ಬರೀಬೇಕು ಅನ್ನಿಸಲೇ ಇಲ್ವಾ? ಒಂದೇ ಒಂದು ಸಾಲು?"

ದೂರದಲ್ಲಿ ಜುರ್ಜಿ ನೀರಿನ ಪಾತ್ರೆ ಹಿಡಿದು ನಿಂತಿದ್ದ, ಹತ್ತಿರ ಬರುವ ಧೈರ್ಯವಿಲ್ಲದೆ. ಬರೆದ ಕಾಗದಗಳನ್ನು ಇವನು ವಾಪಸು ಕಳಿಸಿದ ಅಂತ ಒಂದು ಮಾತು ಹೇಳಬಹುದಿತ್ತು. ಅಷ್ಟು ನನಗೆ ನ್ಯಾಯವಾಗಿ ಸಲ್ಲಬೇಕಾದದ್ದೇ. ಆದರೆ ಆಚೆ ದಡದಲ್ಲಿ ಅವಳಿಗೆ ಇರುವವನು ಅವನೊಬ್ಬನೇ.

"ಇಲ್ಲ ತಮಾಮ್. ಕೆಲಸ ಜಾಸ್ತಿ ಇತ್ತು."

ತೋಳು ಬಿಟ್ಟಳು. ಮೆಲ್ಲಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದಳು.

ಗಂಟನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ವಾಪಸು ಬಂದೆ.

ಏಪ್ರಿಲ್ ೨

ಊರಿಗೆಲ್ಲ ಬೆಳಕು, ದೀಪದ ಬುಡದಲ್ಲೇ ಕತ್ತಲೆ. ಗಾದೆ ಮಾಡಿದವನ ನಾಲಿಗೆ ಬಿದ್ದುಹೋಗಲಿ.

ಅತ್ತೆಗೆ ಎಲ್ಲ ಹೇಳಿದೆ. ಚುಚ್ಚಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚಿದರು. ಉಮ್ಮ್ ಮಿಖಾಯೀಲ್‌ಗೂ ಹೋಗಿ ಹೇಳಿ ಬಂದೆ, ಅಟ್ಟದ ವಿಷಯ ಯಾರ ಮುಂದೂ ಎತ್ತಬೇಡಿ ಅಂತ. ಅಮೆರಿಕಾದಲ್ಲಿ ನಮ್ಮವರು ಬಹಳ ಇದ್ದಾರೆ. ಯಾರ ಮನೆಯಲ್ಲಾದರೂ ಒಂದು ಹಳೆಯ 'ಕದಿರು' ಇದ್ದರೆ... ನನ್ನ ಪತ್ರಿಕೆ ದೂರ ದೂರ ತಲುಪಲಿ ಎಂದು ಬೇಡಿದವಳು ನಾನು. ಈಗ ಪ್ರತಿದಿನ ಇದಕ್ಕೆ ತದ್ವಿರುದ್ಧವಾದದ್ದನ್ನು ಬೇಡುತ್ತೇನೆ.

ಈ ತಿಂಗಳು 'ತಂಗಿಗೆ' ಇಲ್ಲ. ಬದವಿ ಕೇಳಿದ. ಜಾಗ ಸಾಲಲಿಲ್ಲ ಅಂದೆ. ಜಾಗ ಇದೆಯಲ್ಲ ಸಿತ್ತ್ ಅಂದ. ನನ್ನ ಮುಖ ನೋಡಿದ ಮೇಲೆ ಅಲ್ಲಿಗೆ ಹೊಲಿಗೆ ಯಂತ್ರದ ಜಾಹೀರಾತು ಜೋಡಿಸಿದ.

ಮೇ ೧

ಮೂವತ್ತೆಂಟು ಕಾಗದ. ತಂಗಿಯ ಪುಟ ಎಲ್ಲಿ, ತಂಗಿಗೆ ಹುಷಾರಿಲ್ಲವೇ, ತಂಗಿ ಮುನಿಸಿಕೊಂಡಳೇ. ಒಬ್ಬಳು ತಂಗಿಗೆಂದು ಕಸೂತಿ ಹಾಕಿದ ಕರವಸ್ತ್ರ ಕಳಿಸಿದ್ದಾಳೆ. ಯಾವುದಕ್ಕೂ ಉತ್ತರ ಬರೆದಿಲ್ಲ.

ಜೂನ್ ೬

ದಮನ್‌ಹೂರಿನಿಂದ ಒಬ್ಬಳು ಬಂದಿದ್ದಳು, ರೈಲಿನಲ್ಲಿ, ಮನೆ ಕೇಳಿಕೊಂಡು ಕೇಳಿಕೊಂಡು. ಕಪ್ಪು ಹೊದಿಕೆ, ಬರಿಗಾಲು. ಓದು ಬಾರದು. ಮೈದುನ ಓದಿ ಹೇಳಿದ್ದನಂತೆ, ಎರಡು ವರ್ಷದ ಹಿಂದೆ, ಜುಲೈಯಲ್ಲಿ. ಸೊಂಟದ ಮೇಲೆ ಮಗು. ಹೆಣ್ಣು.

ಇವಳೇ ಅಮ್ಮಾ ಅದು, ಅಂದಳು. ನನ್ನ ತೊಡೆಯ ಮೇಲೆ ಕೂರಿಸಿಯೇಬಿಟ್ಟಳು. ಭಾರವಾಗಿತ್ತು. ನನ್ನ ಕೊರಳಿನ ಶಿಲುಬೆ ಹಿಡಿದು ಎಳೆಯಿತು. ಇಷ್ಟು ದೊಡ್ಡವಳಾಗಿರುತ್ತಿದ್ದಳು ಅವಳೂ. ಇದೇ ವಯಸ್ಸು. ಅತ್ತೆ ಬಾಗಿಲಲ್ಲಿ ನಿಂತವರು ಒಳಗೆ ಹೋಗಿಬಿಟ್ಟರು.

ಬಿಸಿಲಿನಲ್ಲಿ ಬಂದದ್ದು. ಮಗುವಿಗೆ ಬಾಯಾರಿಕೆ. ಲೋಟದಲ್ಲಿ ಕೊಟ್ಟೆ. ಎರಡು ಕೈಯಲ್ಲಿ ಹಿಡಿದು ಗಟಗಟ ಕುಡಿಯಿತು, ಗಲ್ಲದಿಂದ ಸುರಿದು ನನ್ನ ಉಡುಪೆಲ್ಲ ಒದ್ದೆ. ಮುಗಿಸಿ ನನ್ನ ಮುಖ ನೋಡಿ, ಇನ್ನೂ, ಅಂದಿತು. ತಾಯಿ ನಕ್ಕಳು. ಒಂದು ಮಾತು ಹರಸಿ ಅಮ್ಮಾ, ನಿಮ್ಮ ಬಾಯಿಂದ, ಅದಕ್ಕೇ ಬಂದೆ ಅಂದಳು.

ಹರಸಬೇಕು. ಆ ಮಗುವಿನ ತಪ್ಪೇನಿದೆ? ತಲೆಯ ಮೇಲೆ ಕೈ ಇಟ್ಟೆ. ಹೆಸರೇನು ಅಂದೆ. ಉಳಿದ ಮೇಲೆ ಹೆಸರು ಬದಲಿಸಿ ನಿಮ್ಮದೇ ಇಟ್ಟಿದ್ದೇನೆ ಅಮ್ಮಾ, ಅಂದಳು. ಲೋಟ ತುಂಬಿಸಿ ಕೊಟ್ಟೆ. ಕುಡಿಯಿತು. ಮತ್ತೆ ತುಂಬಿಸಿದೆ. ಸಾಕಮ್ಮಾ, ಅವಳಿಗೆ ಸಾಕು ಅನ್ನುತ್ತಿದ್ದಳು ತಾಯಿ, ನನಗೆ ಮಾತ್ರ ಕೈ ನಿಲ್ಲಿಸಲು ಆಗಲಿಲ್ಲ.